ವೃಶ್ಚಿಕ ಲಗ್ನದಲ್ಲಿ ಬಂದ ಟ್ರೋಜನ್

ಮಹಾಗಣಪತಿ ಭಟ್ಟ: ನಾನು ಹೇಳುವುದು ಅಷ್ಟೇ. ಇವಳು ಭಾನುವಾರ ಹಲಸಿನ ಹಪ್ಪಳದ ವಿಡಿಯೊ ನೋಡಿದ್ದು, ಸೋಮವಾರ ಕಂಪ್ಯೂಟರ್ ಹಾಳಾದದ್ದು.

ವಸುಮತಿ: ಹಪ್ಪಳದಿಂದ ಹೊಟ್ಟೆ ಹಾಳಾಗಬಹುದು. ಕಂಪ್ಯೂಟರಿಗೆ ಎಂತ ಆಗ್ಲಿಕ್ಕೆ ಉಂಟು?

ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಶ್ರೀರಂಜಿನಿ ಗಂಡ ಹೆಂಡತಿಯ ನಡುವೆ ಕುಳಿತು ಪರದೆ ನೋಡುತ್ತಿದ್ದಳು. ಭಟ್ಟರು ಜಾತಕ ಬರೆಯುವವರು. ಎರಡು ವಾರದಿಂದ ಅವರ ಕಂಪ್ಯೂಟರಿನಲ್ಲಿ ಮೌಸಿನ ಬಾಣ ಯಾರೂ ಮುಟ್ಟದೆ ತಾನಾಗಿ ಓಡಾಡುತ್ತಿತ್ತು. ಅವರು ಬರೆಯದ ಮೇಲ್ ಅವರದೇ ಹೆಸರಿನಲ್ಲಿ ಗಿರಾಕಿಗಳಿಗೆ ಹೋಗುತ್ತಿತ್ತು. ಅಂದಿನಿಂದ ವಸುಮತಿ ಆ ಮೇಜಿನ ಹತ್ತಿರ ಸುಳಿಯುವಂತಿರಲಿಲ್ಲ. ಸಾಲದ್ದಕ್ಕೆ ಮನೆಗೆ ಬಂದವರಿಗೆಲ್ಲ ಭಟ್ಟರು ಹಪ್ಪಳದ ಕತೆ ಹೇಳಿ ನಗಿಸುತ್ತಿದ್ದರು. ಆಕೆಗೆ ಕಂಪ್ಯೂಟರಿಗಿಂತ ಆ ನಗುವೇ ಹೆಚ್ಚು ಚುಚ್ಚಿತ್ತು.

ಶ್ರೀರಂಜಿನಿ ಮೊದಲು ನೆಟ್ಟಿನ ವಯರು ಕಿತ್ತು ಪಕ್ಕಕ್ಕಿಟ್ಟಳು.

ಶ್ರೀರಂಜಿನಿ: ಇದು ಟ್ರೋಜನ್, ಭಟ್ರೆ. ಒಳ್ಳೆ ಸಾಫ್ಟ್‌ವೇರಿನ ವೇಷ ಹಾಕಿ ಒಳಗೆ ಬರ್ತದೆ. ಬಂದ ಮೇಲೆ ಹೊರಗಿನವನಿಗೆ ಹಿಂಬಾಗಿಲು ತೆಗೆದು ಕೊಡ್ತದೆ. ಎಲ್ಲಿಯೋ ಕೂತವ ನಿಮ್ಮ ಮೌಸ್ ಆಡಿಸ್ತಾನೆ.

ಭಟ್ಟ: ಕೇಳಿದೆಯಾ? ಹಪ್ಪಳದ ವೇಷ ಹಾಕಿ ಬಂದದ್ದು.

ಶ್ರೀರಂಜಿನಿ: ಆಂಟಿವೈರಸ್ ಆಫ್ ಮಾಡಿದ್ದು ಯಾರು?

ಭಟ್ಟರು ಕನ್ನಡಕ ತೆಗೆದು ಒರೆಸತೊಡಗಿದರು.

ಭಟ್ಟ: ಅದು ಎಂತ ಅಂದ್ರೆ, ಹೊಸ ಜಾತಕದ ಸಾಫ್ಟ್‌ವೇರ್ ಹಾಕುವಾಗ ವಿಘ್ನ ಮಾಡ್ತಾ ಇತ್ತು. ಆಫ್ ಮಾಡಿ ಅಂತ ಅದರಲ್ಲೇ ಬರೆದಿತ್ತು.

ವಸುಮತಿ: ನಾಯಿಯನ್ನು ಕಟ್ಟಿ ಹಾಕಿ ಅಂತ ಕಳ್ಳ ಹೇಳಿದ, ಇವರು ಕಟ್ಟಿ ಹಾಕಿದ್ರು.

ಭಟ್ಟ: ವಾಟ್ಸಾಪಿನಲ್ಲಿ ಯಾರೋ ಪುಕ್ಕಟೆ ಕಳಿಸಿದ್ದು, ಪಾಪ. ಅದು ಹಾಕಿದಾಗ ಎಲ್ಲ ಸರಿಯೇ ಇತ್ತು.

ಶ್ರೀರಂಜಿನಿ ಏನೇನೋ ಒತ್ತಿ, ಪರದೆಯ ಮೇಲೆ ಬೆರಳಿಟ್ಟಳು. ಕಳ್ಳ ಫೈಲು ಒಳಗೆ ಬಂದದ್ದು ನಾಲ್ಕನೇ ತಾರೀಕು, ಶುಕ್ರವಾರ, ಮಧ್ಯಾಹ್ನ ಹನ್ನೆರಡು ಹದಿನೆಂಟಕ್ಕೆ.

ವಸುಮತಿ ಎದ್ದು ದೇವರ ಕೋಣೆಗೆ ಹೋದರು. ಬರುವಾಗ ಕೈಯಲ್ಲಿ ಗಂಡನ ಮುಹೂರ್ತದ ಪುಸ್ತಕವಿತ್ತು. ಮಿಕ್ಸಿ ತರುವುದಕ್ಕೂ ಮುಹೂರ್ತ ನೋಡಿ ಬರೆದಿಡುವವರು ಭಟ್ಟರು. ಆಕೆ ಪುಟ ತಿರುಗಿಸಿ, ನಿಧಾನವಾಗಿ ಓದಿದರು.

ವಸುಮತಿ: "ಜಾತಕದ ಸಾಫ್ಟ್‌ವೇರ್ ಪ್ರವೇಶ. ನಾಲ್ಕನೇ ತಾರೀಕು, ಶುಕ್ರವಾರ, ಗಂಟೆ ಹನ್ನೆರಡು ಹದಿನೆಂಟು. ವೃಶ್ಚಿಕ ಲಗ್ನ. ಸ್ಥಿರ ಲಗ್ನವಾದ್ದರಿಂದ ಒಳಗೆ ಬಂದದ್ದು ಕದಲುವುದಿಲ್ಲ."

ಭಟ್ಟರಿಗೆ ತಲೆ ಎತ್ತಲು ನಾಚಿಕೆಯಾಯಿತು.

ಶ್ರೀರಂಜಿನಿ: ಹಾಗಾದ್ರೆ ಸರಿ. ಆಗಿನಿಂದ ನಾನು ಅದನ್ನು ಮೂರು ಸಲ ಅಳಿಸಿ ನೋಡಿದೆ, ಮೂರು ಸಲವೂ ತಿರುಗಿ ಬಂದು ಕೂತಿತು. ಮುಹೂರ್ತ ಗಟ್ಟಿ ಉಂಟು, ಭಟ್ರೆ.

ವಸುಮತಿ: ಇನ್ನು ಬಂದವರಿಗೆ ಯಾವ ಕತೆ ಹೇಳ್ತೀರಿ?

ಭಟ್ಟ: ಈ ಕತೆಯನ್ನೇ ಹೇಳ್ತೇನೆ ಮಾರಾಯ್ತಿ. ತಪ್ಪು ನನ್ನದೇ.

ಜಾತಕಗಳನ್ನು ಮಾತ್ರ ಪೆನ್‌ಡ್ರೈವಿಗೆ ತೆಗೆದುಕೊಂಡು, ಉಳಿದದ್ದನ್ನೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು, ಪಾಸ್‌ವರ್ಡುಗಳನ್ನು ಫೋನಿನಿಂದ ಬದಲಾಯಿಸಬೇಕು ಎಂದಳು ಶ್ರೀರಂಜಿನಿ. ಜಾತಕಗಳನ್ನು ಪೆನ್‌ಡ್ರೈವಿಗೆ ಇಳಿಸಿ ಅವಳು ಅಳಿಸುವ ಗುಂಡಿ ಒತ್ತಲು ಬೆರಳು ಎತ್ತುವಷ್ಟರಲ್ಲಿ ಭಟ್ಟರ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಮೂರೂಕಾಲು.

ಭಟ್ಟ: ಒಂದು ನಿಮಿಷ ನಿಲ್ಲು. ಇವತ್ತು ಮಂಗಳವಾರ, ನಾಲ್ಕೂವರೆವರೆಗೆ ರಾಹುಕಾಲ. ಈ ಹೊತ್ತಿನಲ್ಲಿ ಹೊರಟವರಿಗೆ ಒಳ್ಳೆದಾಗುವುದಿಲ್ಲ.

ವಸುಮತಿ: ಹೊರಡುವುದು ನಾವಲ್ಲ, ಆ ಕಳ್ಳ. ಒತ್ತು ಶ್ರೀರಂಜಿನಿ.