ನಿಲ್ಲಲು ಕಲಿತ ಹಳೆಯ ಕಾರಿಗೆ ಒಂದು ದೂರು

ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ವಿರಾಜಮಾನರಾಗಿರುವ ಮಾನ್ಯ ಕಾರಿನವರೇ,

ತಮ್ಮ ನಾಲ್ಕೂ ಟಯರುಗಳಲ್ಲಿ ಗಾಳಿ ಸಮವಾಗಿದೆ, ರೇಡಿಯೇಟರಿನಲ್ಲಿ ನೀರು ತಣ್ಣಗಿದೆ, ಬ್ಯಾಟರಿಯು ಸುಖವಾಗಿ ನಿದ್ರಿಸಿ ಬೆಳಿಗ್ಗೆ ಒಂದೇ ಕರೆಗೆ ಏಳುತ್ತಿದೆ ಎಂದು ಭಾವಿಸುತ್ತೇನೆ. ಭಾವಿಸುವುದೇನು, ದಿನಾ ಕಣ್ಣಾರೆ ನೋಡುತ್ತಿದ್ದೇನೆ. ನನ್ನ ಸಂಕಟವೂ ಅದೇ. ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿ ಹೊಟ್ಟೆ ಹೊರೆಯುವ ನನಗೆ ಕಂಡವರ ತಪ್ಪು ಹಿಡಿದು ದೂರುವುದು ಅಭ್ಯಾಸವೇ ಆದರೂ, ತಪ್ಪಿಲ್ಲದಿರುವುದರ ಬಗ್ಗೆ ದೂರು ಬರೆಯುತ್ತಿರುವುದು ಇದೇ ಮೊದಲು. ಆದ್ದರಿಂದ ಒಕ್ಕಣೆಯಲ್ಲಿ ಏನಾದರೂ ಲೋಪ ಕಂಡರೆ, ತಮ್ಮ ಹಿಂದಿನ ಲೋಪಗಳನ್ನು ಒಮ್ಮೆ ನೆನೆದು ಕ್ಷಮಿಸಬೇಕು.

ದೂರು ಇಷ್ಟೇ: ತಾವು ಸರಿಹೋಗಿದ್ದೀರಿ.

ಮಾವನವರು ತೀರಿಕೊಳ್ಳುವ ಮುಂಚೆ ತಮ್ಮ ಬೀಗದ ಕೈಯನ್ನು ನನಗೆ ಒಪ್ಪಿಸುತ್ತ, "ಓಡ್ಸೋದು ಸುಲಭ ಅಳಿಯಂದ್ರೆ, ನಿಲ್ಸೋದಕ್ಕೆ ಮಾತ್ರ ಸ್ವಲ್ಪ ಮುಂದಾಲೋಚನೆ ಬೇಕು" ಎಂದಿದ್ದರು. ಎಂಥ ಮುಂದಾಲೋಚನೆ ಎಂಬುದು ಮೊದಲ ದಿನವೇ ತಿಳಿಯಿತು. ಬೇಕರಿ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಬೇಕಾದರೆ ಅಂಚೆ ಕಚೇರಿಯ ಬಳಿಯೇ ಕೆಲಸ ಶುರುಮಾಡಬೇಕಿತ್ತು. ಸೀಟಿಗೆ ಬೆನ್ನು ಒತ್ತಿ, ಎರಡೂ ಕೈಯಿಂದ ಸ್ಟೀರಿಂಗನ್ನು ಹಿಡಿದೆಳೆದು, ಮೈಭಾರವನ್ನೆಲ್ಲ ಬಲಗಾಲಿಗೆ ಇಳಿಸಿ ಬ್ರೇಕ್ ತುಳಿದರೆ, ತಾವು ನನ್ನ ಕೋರಿಕೆಯನ್ನು ಪರಿಶೀಲನೆಗೆ ತೆಗೆದುಕೊಂಡು, ಬೇಕರಿಯವರೆಗೂ ಯೋಚಿಸಿ, ಮನಸ್ಸು ಬಂದರೆ ನಿಲ್ಲುತ್ತಿದ್ದಿರಿ. ಮನಸ್ಸು ಬಾರದ ದಿನ ನಾವೆಲ್ಲ ಸಿಗ್ನಲ್ ದಾಟಿ ಚಪ್ಪಲಿ ಅಂಗಡಿಯ ಮುಂದೆ ನಿಂತು, ಅಲ್ಲಿಗೇ ಬಂದವರಂತೆ ನಾಲ್ಕು ಚಪ್ಪಲಿ ನೋಡಿ ಹೊರಡುತ್ತಿದ್ದೆವು.

ಹ್ಯಾಂಡ್‌ಬ್ರೇಕು ಅಲಂಕಾರಕ್ಕೆ ಮಾತ್ರ ಇದ್ದುದರಿಂದ, ಹಿಂದಿನ ಸೀಟಿನಲ್ಲಿ ಅತ್ತೆಯವರು ತೊಡೆಯ ಮೇಲೆ ಮರದ ತುಂಡೊಂದನ್ನು ಇಟ್ಟುಕೊಂಡು ಕೂರುವುದು, ಗಾಡಿ ನಿಂತ ಕೂಡಲೇ ಇಳಿದು ಅದನ್ನು ಚಕ್ರದಡಿ ತುರುಕುವುದು ಮಾವನವರ ಕಾಲದಿಂದಲೂ ಮನೆಯ ಪದ್ಧತಿಯಾಗಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಅವರು ಇಳಿಯುವ ಠೀವಿ ನೋಡಿ ಅಕ್ಕಪಕ್ಕದ ವಾಹನಗಳವರು ತಾವಾಗಿಯೇ ಹಿಂದೆ ಸರಿಯುತ್ತಿದ್ದರು. ಇನ್ನು ತಮ್ಮ ಹೆಡ್‌ಲೈಟುಗಳು ರಸ್ತೆಯನ್ನು ತೋರಿಸದಿದ್ದರೂ ತಾವಿದ್ದೇವೆಂಬುದನ್ನು ನಮ್ರವಾಗಿ ಸೂಚಿಸುತ್ತಿದ್ದವು. ವೈಪರು ಒಂದು ಸಲ ಅತ್ತ ಹೋದರೆ ಇತ್ತ ಬರಲು ಕೈಹಿಡಿದು ಕರೆತರಬೇಕಿತ್ತು. ಬಟ್ಟೆ ಸುತ್ತಿದ ಹಳೆಯ ವೈರುಗಳು ಮುಟ್ಟಿದರೆ ಪುಡಿಪುಡಿಯಾಗುತ್ತಿದ್ದವು. ಇಷ್ಟಾದರೂ ತಮ್ಮ ಮೇಲೆ ನನಗೆ ಎಳ್ಳಷ್ಟೂ ಬೇಸರವಿರಲಿಲ್ಲ. ತಮ್ಮನ್ನು ಓಡಿಸಬಲ್ಲವನು ಈ ಊರಿನಲ್ಲಿ ನಾನೊಬ್ಬನೇ ಎಂಬ ಜಂಬವಿತ್ತು.

ಇದ್ದ ಕೊರಗು ಒಂದೇ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ, ಯಾರ ರಕ್ತವನ್ನೂ ಒಂದೇ ಪರೀಕ್ಷೆಗೆ ನಂಬದ ನನ್ನ ಹೆಂಡತಿ ತಮ್ಮನ್ನು ನಂಬಲಿಲ್ಲ. "ಇದು ನಿಲ್ಲೋದು ಕಲಿಯೋವರೆಗೂ ನಾನು ಹತ್ತಲ್ಲ ರೀ" ಎಂದು ಹೇಳಿ ಬಸ್ಸಿಗೆ ಹೋಗುತ್ತಿದ್ದಳು. ಅವಳ ಆಸ್ಪತ್ರೆ, ನನ್ನ ಮುದ್ರಣಾಲಯ ಒಂದೇ ರಸ್ತೆಯಲ್ಲಿದ್ದವು. ಬೆಳಿಗ್ಗೆ ಅವಳು ನನ್ನ ಪಕ್ಕದಲ್ಲಿ ಕೂತು, ಹಿಂದಿನ ದಿನ ಬಿಟ್ಟ ಮಾತನ್ನು ಮುಂದುವರಿಸುತ್ತ ಬರಬೇಕು ಎಂಬುದು ನನ್ನ ಬಹಳ ದಿನದ ಆಸೆ. ಅದರ ಬದಲು ಅವಳ ಬಸ್ಸಿನ ಪಕ್ಕಪಕ್ಕದಲ್ಲೇ ತಮ್ಮನ್ನು ಓಡಿಸುತ್ತ ನಾನು ಕಿಟಕಿಯಿಂದ ಕೈ ಬೀಸುವುದೂ, ತಮಗೆ ಇಂಡಿಕೇಟರ್ ಇಲ್ಲದ್ದನ್ನು ಬಲ್ಲ ಬಸ್ ಡ್ರೈವರು ನಾನು ತಿರುಗುತ್ತೇನೆಂದು ತಿಳಿದು ಬಸ್ ನಿಲ್ಲಿಸಿಬಿಡುವುದೂ, ಬಸ್ಸಿನವರೆಲ್ಲ ಅವಳ ಮುಖ ನೋಡುವುದೂ ನಡೆಯುತ್ತಿತ್ತು.

ಆದ್ದರಿಂದ ತಮ್ಮನ್ನು ಮೆಕ್ಯಾನಿಕ್ಕಿನ ಬಳಿ ಸೇರಿಸಿದೆ. ಆ ಮಹಾಶಯರ ಗತ್ತು ತಮಗೇ ಗೊತ್ತು. ಗಾಡಿಯವರನ್ನು ಬೆಂಚಿನ ಮೇಲೆ ಕೂರಿಸಿ, ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, ಕತ್ತು ಅಲ್ಲಾಡಿಸಿ, ಏನೂ ಹೇಳದೆ ಮತ್ತೆ ಒಳಗೆ ಹೋಗುವ ಆಸಾಮಿ. ಮೊದಲು ಬಣ್ಣ ಬಳಿಯಿರಿ, ಕ್ರೋಮಿಗೆ ಹೊಳಪು ಕೊಡಿ ಎಂದು ನಾನು ಹೇಳಿದ್ದಕ್ಕೆ, "ಮೊದಲು ನಿಲ್ಲೋದು, ಆಮೇಲೆ ಓಡೋದು. ಹೊಳೆಯೋದು ನಿಮ್ಮ ಮೊಮ್ಮಕ್ಕಳ ಕಾಲಕ್ಕಾಯ್ತು" ಎಂದರು.

ನಂತರ ನಡೆದದ್ದು ತಮ್ಮ ಮೈಮೇಲೆಯೇ ಇದೆ. ಮುಂದಿನ ಚಕ್ರಗಳ ಹಳೆಯ ಬ್ರೇಕ್ ಡ್ರಮ್ಮುಗಳು ಹೋಗಿ ಡಿಸ್ಕ್ ಬ್ರೇಕುಗಳು ಬಂದವು. ಒಂದು ಪೈಪು ಕೈಕೊಟ್ಟರೂ ಇನ್ನೊಂದು ಕಾಪಾಡುವಂತೆ ಬ್ರೇಕಿಗೆ ಎರಡು ದಾರಿಗಳಾದವು. ಬಿರುಕುಬಿಟ್ಟ ಪೆಟ್ರೋಲ್ ಪೈಪು, ಪುಡಿಯಾಗುತ್ತಿದ್ದ ವೈರಿಂಗು, ಮಿಣುಕುವ ಡೈನಮೋ, ಗಟ್ಟಿಯಾಗಿ ಕಲ್ಲಾದ ಟಯರು ಎಲ್ಲವೂ ಒಂದೊಂದಾಗಿ ನಿವೃತ್ತಿ ಪಡೆದವು. ಹಿಂದೆ ಮುಂದೆ ಸೀಟ್ ಬೆಲ್ಟುಗಳು ಬಂದವು, ಹ್ಯಾಂಡ್‌ಬ್ರೇಕು ಅಲಂಕಾರ ಬಿಟ್ಟು ಉದ್ಯೋಗಕ್ಕೆ ಸೇರಿತು. ಆ ಮಹಾಶಯರ ಕೈಗೆ ಜಗ್ಗದೇ ಉಳಿದದ್ದು ಡ್ಯಾಶ್‌ಬೋರ್ಡಿನ ಗಡಿಯಾರವೊಂದೇ. ಅದು ಮಾವನವರ ಕಾಲದಲ್ಲಿ ನಿಂತದ್ದು ನಿಂತೇ ಇತ್ತು.

ತಾವು ಮನೆಗೆ ಮರಳಿದ ಬೆಳಿಗ್ಗೆ ನನ್ನ ಹೆಂಡತಿ ಬಾನೆಟ್ ತೆಗೆಸಿ ನೋಡಿ, ಪ್ರತಿ ಬೆಲ್ಟನ್ನೂ ಜಗ್ಗಿ ನೋಡಿ, ಕೊನೆಗೂ ನನ್ನ ಪಕ್ಕದ ಸೀಟಿನಲ್ಲಿ ಕುಳಿತಳು. ನನಗೆ ಆದ ಸಂತೋಷ ಹೇಳತೀರದು. ಹಿಂದೆ ಅತ್ತೆಯವರೂ ಬೆಲ್ಟು ಬಿಗಿದುಕೊಂಡು, ಇನ್ನು ಬೇಡವೆಂದರೂ ಕೇಳದೆ ಮರದ ತುಂಡು ಹಿಡಿದು ಕುಳಿತರು. ಹೆಂಡತಿ ಮಾತು ತೆಗೆದಳು. ನಾನು ಹೂಂಗುಟ್ಟುತ್ತ ಬಂದೆ. ಅಂಚೆ ಕಚೇರಿ ಬಂತು. ದೂರದಲ್ಲಿ ಬೇಕರಿಯ ಸಿಗ್ನಲ್ಲು ಕೆಂಪಗಿತ್ತು. ನಾನು ಎಂದಿನಂತೆ ಸೀಟಿಗೆ ಬೆನ್ನು ಒತ್ತಿ, ಸ್ಟೀರಿಂಗನ್ನು ಹಿಡಿದೆಳೆದು, ಮೈಭಾರವನ್ನೆಲ್ಲ ಬಲಗಾಲಿಗೆ ಇಳಿಸಿದೆ.

ತಾವು ನಿಂತಿರಿ. ಪರಿಶೀಲನೆಯಿಲ್ಲ, ಯೋಚನೆಯಿಲ್ಲ, ನಡುರಸ್ತೆಯಲ್ಲಿ ಗೋಡೆ ಸಿಕ್ಕಂತೆ ಅಲ್ಲೇ ನಿಂತಿರಿ. ಬೆಲ್ಟುಗಳ ದಯೆಯಿಂದ ನಾವು ಮೂವರೂ ಇದ್ದಲ್ಲೇ ಉಳಿದೆವು. ಬೆಲ್ಟಿಲ್ಲದ ಮರದ ತುಂಡು ಮಾತ್ರ ನಮ್ಮಿಬ್ಬರ ನಡುವೆ ಹಾರಿ ಹೋಗಿ ಗಡಿಯಾರಕ್ಕೆ ಬಡಿಯಿತು, ಗಡಿಯಾರ ಟಿಕ್ ಟಿಕ್ ಎನ್ನತೊಡಗಿತು. ಹಿಂದೆ ಬರುತ್ತಿದ್ದ ಬ್ರೆಡ್ಡಿನ ವ್ಯಾನು ತಮ್ಮ ಬಂಪರನ್ನು ಮೆಲ್ಲಗೆ ಮುಟ್ಟಿ ಮಾತಾಡಿಸಿತು. ಹೆಂಡತಿ ಬೆಲ್ಟು ಬಿಚ್ಚಿ, ಇಳಿದು, ಸುತ್ತಿ ಬಂದು ನನ್ನ ಬಾಗಿಲು ತೆಗೆದು, "ಆ ಕಡೆ ಸರೀರಿ" ಎಂದಳು. ಕಾಲೇಜಿನಲ್ಲಿದ್ದಾಗಲೇ ಲೈಸೆನ್ಸ್ ಪಡೆದವಳು ಅವಳು. ಬೇಕರಿಯ ಸಿಗ್ನಲ್ಲಿನಲ್ಲಿ ಪಾದದ ತುದಿಯಿಂದ ಒಂದಿಷ್ಟು ಒತ್ತಿದಳು, ತಾವು ಬೆಣ್ಣೆಯಂತೆ ನಿಂತಿರಿ. ಆ ವಂಚನೆಯನ್ನು ನಾನು ಇನ್ನೂ ಮರೆತಿಲ್ಲ.

ಬ್ರೇಕು ಅತಿಯಾಯಿತೆಂದು ಮೆಕ್ಯಾನಿಕ್ಕಿನ ಬಳಿ ದೂರು ಒಯ್ದೆ. ಅವರು ನನ್ನ ಪಕ್ಕದಲ್ಲಿ ಕೂತು ಒಂದು ಸುತ್ತು ಬಂದು, ಹಣೆ ಉಜ್ಜಿಕೊಳ್ಳುತ್ತ ಇಳಿದು, "ಗಾಡೀಲಿ ಎಲ್ಲಾ ಬದಲಾಯ್ಸಿದೀನಿ. ಹಳೇದು ಅಂತ ಉಳ್ದಿರೋದು ನಿಮ್ಮ ಬಲಗಾಲು ಒಂದೇ. ಅದಕ್ಕೆ ಪಾರ್ಟ್ಸ್ ಬರಲ್ಲ" ಎಂದುಬಿಟ್ಟರು.

ಈಗ ತಮ್ಮನ್ನು ದಿನವೂ ನನ್ನ ಹೆಂಡತಿ ಓಡಿಸುತ್ತಾಳೆ. ಮರದ ತುಂಡಿನ ಜವಾಬ್ದಾರಿಯಿಂದ ಬಿಡುಗಡೆ ಹೊಂದಿದ ಅತ್ತೆಯವರು ಈಜು ಕಲಿಯಲು ಸೇರಿ, ಮುಂದಿನ ಸೀಟಿಗೆ ಬಡ್ತಿ ಪಡೆದು ಹೋಗುತ್ತಿದ್ದಾರೆ. "ಹಿಂದೆ ಜಾಗ ಇದೆ, ಬನ್ರಿ" ಎಂದು ಹೆಂಡತಿ ಕರೆಯುತ್ತಾಳೆ. ನನಗೂ ಒಂದು ಮರ್ಯಾದೆ ಇದೆಯಲ್ಲ, ಅವಳು ಹೋಗುತ್ತಿದ್ದ ಬಸ್ಸಿಗೇ ನಾನು ಹೋಗುತ್ತಿದ್ದೇನೆ. ಅವರಿಬ್ಬರೂ ಮಾತಾಡುತ್ತ ಪಕ್ಕದಲ್ಲೇ ಸಾಗುವಾಗ ಹೆಂಡತಿ ಕಿಟಕಿಯಿಂದ ನನಗೆ ಕೈ ಬೀಸುತ್ತಾಳೆ. ಡ್ರೈವರು ಹಳೆಯ ಅಭ್ಯಾಸದಿಂದ ಬಸ್ ನಿಲ್ಲಿಸುತ್ತಾರೆ. ಎಲ್ಲರೂ ನನ್ನ ಮುಖ ನೋಡುತ್ತಾರೆ. ಮುಚ್ಚುಮರೆ ಏಕೆ, ಹೊಟ್ಟೆ ಉರಿಯುತ್ತದೆ. ಅವಳು ಹತ್ತಲಿ ಎಂದೇ ತಮ್ಮನ್ನು ನೆಟ್ಟಗೆ ಮಾಡಿಸಿದೆ, ಅವಳು ಹತ್ತಿದಳು, ಇಳಿದವನು ನಾನು.

ಆದಕಾರಣ ತಮ್ಮಲ್ಲಿ ಕೆಲವು ವಿನಂತಿಗಳು. ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಆಗಲು ನಿರಾಕರಿಸಿ, ನನ್ನನ್ನು ಕಂಡೊಡನೆ ಸ್ಟಾರ್ಟ್ ಆಗುವ ಕೃಪೆ ಮಾಡಬೇಕು. ನಾನು ಶೆಡ್ಡಿನ ಮುಂದೆ ಹಾದುಹೋಗುವಾಗ ಹಳೆಯ ಪರಿಚಯಕ್ಕೆ ಒಂದು ಸಲ ಕೆಮ್ಮಬೇಕು. ತಮ್ಮ ಬ್ರೇಕುಗಳು ತುಳಿಯುವವರ ಕಾಲಿನ ಹಿರಿತನವನ್ನು ಗುರುತಿಸಿ, ಅದಕ್ಕೆ ತಕ್ಕಂತೆ ತುಸು ನಿಧಾನಿಸಿ ನಿಲ್ಲಬೇಕು. ಇದಾವುದೂ ಸಾಧ್ಯವಿಲ್ಲವೆಂದಾದರೆ, ಆ ಹಳೆಯ ಡ್ರಮ್ಮುಗಳನ್ನು ಬಸ್ಸಿಗಾದರೂ ದಾನ ಮಾಡಿ, ಅದು ನಿಲ್ಲದೆ ನನ್ನನ್ನು ತಮ್ಮ ಬೆನ್ನ ಹಿಂದೆಯೇ ಆಸ್ಪತ್ರೆಯ ಬಾಗಿಲವರೆಗೆ ಒಯ್ಯುವಂತೆ ಏರ್ಪಾಡು ಮಾಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮಲ್ಲಿ ಬದಲಾಯಿಸಲು ಬಾರದೆ ಉಳಿದ ಬಲಗಾಲಿನ ಮಾಲೀಕ

ವಿ.ಸೂ.: ಈ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಇಂದು ಬೆಳಿಗ್ಗೆ ನಿಲ್ದಾಣದಲ್ಲಿ ಕಾದರೆ, ಬಸ್ಸಿನ ಬ್ರೇಕು ಕೆಟ್ಟು ಅದು ಬರುವುದಿಲ್ಲವೆಂದು ತಿಳಿಯಿತು. ಬೇರೆ ದಾರಿ ಕಾಣದೆ ತಮ್ಮ ಹಿಂದಿನ ಸೀಟಿನಲ್ಲಿ ಕುಳಿತೆ. ಅತ್ತೆಯವರು ಮುಂದಿನ ಸೀಟಿನಿಂದ ತಿರುಗಿ ಮರದ ತುಂಡನ್ನು ನನ್ನ ತೊಡೆಯ ಮೇಲಿಟ್ಟರು. ಇದನ್ನು ತಮ್ಮ ಗೆಲುವೆಂದು ಭಾವಿಸಿ ಬೀಗಬಾರದು. ಅಂಚೆ ಕಚೇರಿ ಬಂದೊಡನೆ ನಾನು ಸೀಟಿಗೆ ಬೆನ್ನು ಒತ್ತಿ, ತುಂಡನ್ನು ಅವುಚಿಕೊಂಡು, ಬಲಗಾಲಿನಿಂದ ಕೆಳಗಿನ ಚಾಪೆಯನ್ನು ಬೇಕರಿಯವರೆಗೂ ಬಿಡದೆ ತುಳಿದೆ. ತಾವು ನಿಂತಿರಿ. ಹೆಂಡತಿ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದವಳು, ತಿರುಗದೆಯೇ, "ಚೆನ್ನಾಗಿ ನಿಲ್ಸಿದ್ರಿ" ಎಂದಳು.