ಉಳ್ಳಾಗಡ್ಡಿಗೆ ಕೆಂಪು ದೀಪ

ಶ್ರೇಣಿಕನ ಮೂರು ವರ್ಷದ ದುಡಿಮೆಗೆ ಕಲ್ಲು ಹಾಕಿದ್ದು ಒಂದು ಉಳ್ಳಾಗಡ್ಡಿ. ನೋಡಲು ದುಂಡಗೆ, ಕೆಂಪಗೆ, ಮದುವಣಗಿತ್ತಿಯ ಹಾಗೆ ಮಿರಮಿರ ಮಿಂಚುತ್ತಿತ್ತು.

ಸಾಂಗಲಿ ಪೇಟೆಯ ಗುರುಬಸಪ್ಪನ ಕಾಯಿಪಲ್ಯೆ ಅಡತಿ ಅಂಗಡಿಯ ಮುಂದೆ ಬೆಳಿಗ್ಗೆಯೇ ಯಂತ್ರ ಬಂದು ನಿಂತಿತ್ತು. ಮೇಲೆ ಕ್ಯಾಮೆರಾ, ಕೆಳಗೆ ತಿರುಗುವ ಪಟ್ಟಿ, ಪಕ್ಕದಲ್ಲಿ ಎರಡು ದೀಪ. ಪಟ್ಟಿಯ ಮೇಲಿಟ್ಟ ಕಾಯಿಪಲ್ಯೆ ಒಳ್ಳೆಯದಿದ್ದರೆ ಹಸಿರು ದೀಪ ಹತ್ತಬೇಕು. ಕೆಟ್ಟದ್ದಿದ್ದರೆ ಕೆಂಪು ದೀಪ ಹತ್ತಿ ಭೋಂ ಎಂದು ಕೂಗಬೇಕು. ಮಿರಜ ರಸ್ತೆಯ ಸರ್ಕಾರಿ ಸಂಶೋಧನಾ ಕೇಂದ್ರವೊಂದರಲ್ಲಿ ಶ್ರೇಣಿಕ ಹಂಗಾಮಿ ವಿಜ್ಞಾನಿ. ಕಂಪ್ಯೂಟರಿಗೆ ಕಣ್ಣು ಕೊಡುವುದು ಅವನ ಕೆಲಸ. ಮಧ್ಯಾಹ್ನ ಪುಣೆಯ ಮುಖ್ಯ ಕಚೇರಿಯಿಂದ ಮೃಣಾಲ ಮೇಡಂ ಪರೀಕ್ಷೆಗೆ ಬರುವವರಿದ್ದರು. ಅವರು ಒಪ್ಪಿದರೆ ನೌಕರಿ ಕಾಯಂ. ಒಪ್ಪದಿದ್ದರೆ ತಿಂಗಳ ಕೊನೆಗೆ ಮನೆ.

ಅವರು ಬರುವುದರೊಳಗೆ ಒಂದು ಸಲ ನೋಡಿಬಿಡೋಣ ಎಂದು ಶ್ರೇಣಿಕ ಟೊಮ್ಯಾಟೊ ಇಟ್ಟ. ಹಸಿರು. ಹುಳುಕು ಬದನೆಕಾಯಿ ಇಟ್ಟ. ಕೆಂಪು, ಭೋಂ. ಅವನ ಮುಖ ಅರಳಿತು. ಗುರುಬಸಪ್ಪ ಹೆಮ್ಮೆಯಿಂದ ತನ್ನ ಚೀಲದ ಉಳ್ಳಾಗಡ್ಡಿಯೊಂದನ್ನು ಆರಿಸಿ ಇಟ್ಟ.

ಭೋಂ!

"ತಮ್ಮಾ, ಇದು ಈಗ ಇಳಿಸಿದ ಮಾಲಪಾ. ನಿನ್ನ ಕ್ಯಾಮೆರಾಕ್ಕ ಧೂಳ ಕುಂತಿರಬೇಕ, ಒರಸು."

ಒರೆಸಿದ. ಭೋಂ. ಬೇರೆ ಉಳ್ಳಾಗಡ್ಡಿ ಇಟ್ಟ. ಭೋಂ. ಬಟಾಟಿ, ಭೋಂ. ಬಳ್ಳೊಳ್ಳಿ, ಭೋಂ. ಪೇಟೆಯ ಮಂದಿಯೆಲ್ಲ ಕೈಯ ಕೆಲಸ ಬಿಟ್ಟು ಸುತ್ತ ನೆರೆದರು. ಎದುರಿನ ಅಂಗಡಿಯ ಸಿದ್ರಾಮಪ್ಪನಿಗಂತೂ ಹಾಲು ಕುಡಿದಷ್ಟು ಸಂತೋಷ.

"ಬರ್ರಿ, ಬರ್ರಿ! ಗುರುಬಸಪ್ಪನ ಮಾಲ ಎಲ್ಲಾ ಕೆಟ್ಟೈತಂತ. ನಾ ಹೇಳಾಕತ್ತಿಲ್ರಿ, ಕಂಪ್ಯೂಟರ್ ಹೇಳಾಕತ್ತೈತಿ!"

ಉಳ್ಳಾಗಡ್ಡಿ ಆರಿಸುತ್ತಿದ್ದ ಗಿರಾಕಿ ಮಾಣಿಕಬಾಯಿ ಚೀಲ ಜಾಡಿಸಿ, ಎಲ್ಲವನ್ನೂ ಸುರುವಿ, ಸಿದ್ರಾಮಪ್ಪನ ಅಂಗಡಿಗೆ ನಡೆದಳು. ಗುರುಬಸಪ್ಪನ ಮೀಸೆ ನಡುಗಿತು.

ಶ್ರೇಣಿಕನಿಗೆ ತಲೆ ಗಿರ್ರೆಂದಿತು. ಪ್ರಯೋಗಶಾಲೆಯಲ್ಲಿ ಇದೇ ಯಂತ್ರ ನೂರಕ್ಕೆ ತೊಂಬತ್ತೆಂಟು ಸರಿ ಹೇಳಿತ್ತು. ತಪ್ಪಿದ ಎರಡು ಯಾಕೆ ತಪ್ಪಿದವು ಎಂದು ಅವನು ರಾತ್ರಿಹಗಲು ತಲೆ ಕೆಡಿಸಿಕೊಂಡಿದ್ದ. ಸರಿ ಬಂದ ತೊಂಬತ್ತೆಂಟನ್ನು ಯಾರು ತೆಗೆದು ನೋಡುತ್ತಾರೆ? ಯಂತ್ರವೇನು ಹುಟ್ಟುತ್ತಲೇ ಕಲಿತು ಬಂದಿರುವುದಿಲ್ಲ. ಸಾವಿರಾರು ಫೋಟೊ ತೋರಿಸಿ, ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ಯಾರಾದರೂ ಹೇಳಿಕೊಡಬೇಕು. ಹಾಗೆ ಹೇಳಿಕೊಟ್ಟವರು ಕಸಬೆ ಡಿಗ್ರಜ ಎಂಬ ಊರಿನ ಅವನ ಚಿಕ್ಕಮ್ಮ, ಸರುಬಾಯಿ ಮಾವಶಿ. ಮೊಬೈಲಿನಲ್ಲಿ ಫೋಟೊ ನೋಡಿ ಬಟನ್ ಒತ್ತುವ ಕೆಲಸವನ್ನು ಅವನೇ ಅವರಿಗೆ ವಹಿಸಿದ್ದ. ಯಂತ್ರ ಸರಿಯೋ ತಪ್ಪೋ ಎಂದು ತಾಳೆ ನೋಡಿದ್ದೂ ಅವರು ಒತ್ತಿದ ಉತ್ತರಗಳ ಜೊತೆಗೇ.

ಬೆವರುತ್ತ ಫೋನು ಮಾಡಿದ. "ಮಾವಶಿ, ಉಳ್ಳಾಗಡ್ಡಿ ಫೋಟೊಕ್ಕ ಯಾವ ಬಟನ್ ಒತ್ತೀರಿ?"

"ಕೆಟ್ಟದ್ದು ಅನ್ನೂದು."

"ಎಲ್ಲಾಕೂ?"

"ಮತ್ತ? ಹೋದ ಚಾತುರ್ಮಾಸದಾಗ ಜೈನ ಮುನಿ ಮಹಾರಾಜರ ಮುಂದ ನೇಮ ತಗೊಂಡು ಕಂದಮೂಲ ಬಿಟ್ಟೇನಿ. ನೆಲದಾಗಿನ ಗಡ್ಡಿ ಯಾವುದೂ ನಡಿಯೂದಿಲ್ಲ."

"ನಾ ನಿಮಗ ತಿನ್ರಿ ಅಂದಿದ್ದಿಲ್ರಿ ಮಾವಶಿ, ಬರೇ ಬಟನ್ ಒತ್ರಿ ಅಂದಿದ್ದೆ!"

"ತಿನ್ನೂದಷ್ಟ ಅಲ್ಲೋ. ಮಂದಿ ತಿನ್ನೂದಕ್ಕ ಚೊಲೋ ಅಂತ ಒಪ್ಪಿಗಿ ಕೊಡೂದೂ ಪಾಪನ. ಅದಕ್ಕ ಅನುಮೋದನಾ ಅಂತಾರ. ಇಷ್ಟ ಓದೀದಿ, ಇದು ಗೊತ್ತಿಲ್ಲೇನ?"

ಶ್ರೇಣಿಕ ಹಣೆ ಹಣೆ ಬಡಿದುಕೊಂಡ. ದೇಶದ ದುಡ್ಡಿನಲ್ಲಿ ಅವನು ಕಟ್ಟಿದ್ದು ನೇಮ ಹಿಡಿದ ಯಂತ್ರ!

"ಕಾಕಾ, ಇವತ್ತ ಟೊಮ್ಯಾಟೊ, ಬದನಿಕಾಯಿ ಅಷ್ಟ ತೋರಸೂಣ್ರಿ," ಎಂದು ಗುರುಬಸಪ್ಪನ ಕಾಲು ಹಿಡಿಯುವುದೊಂದು ಬಾಕಿ.

"ಮಾನ ಹೋಗಿದ್ದು ಯಾರದು? ನಂದು! ಮೇಡಂ ಬರ್ಲಿ, ಅವರ ಮುಂದ ಉಳ್ಳಾಗಡ್ಡಿ ಹೆಚ್ಚಿ ತೋರಸ್ತೇನಿ. ನಿನ್ನ ಯಂತ್ರ ಸುಳ್ಳಬುರುಕ ಅಂತ ಊರಿಗೆಲ್ಲಾ ತಿಳೀಬೇಕ."

ಬೇರೆ ದಾರಿ ಕಾಣದೆ ಶ್ರೇಣಿಕ ಮೆಲ್ಲಗೆ ವೈರು ಕಿತ್ತು, "ಅಯ್ಯೋ, ಕರೆಂಟ್ ಹೋತು," ಎಂದ. ಮಜಾ ತಪ್ಪಿಹೋಗುತ್ತದೆಂದು ಸಿದ್ರಾಮಪ್ಪ ಓಡಿಬಂದ. "ಚಿಂತಿ ಬ್ಯಾಡ, ನಮ್ಮ ಅಂಗಡ್ಯಾಗ ಐತಿ!" ಎಂದು ತನ್ನ ಅಂಗಡಿಯಿಂದಲೇ ವೈರು ಎಳೆದು ಸಿಕ್ಕಿಸಿದ. ಇಂಥ ಪರೋಪಕಾರವನ್ನು ಅವನು ಹುಟ್ಟಿದಾರಭ್ಯ ಮಾಡಿರಲಿಲ್ಲ.

ಅಷ್ಟರಲ್ಲಿ ಮೃಣಾಲ ಮೇಡಂ ಬಂದೇಬಿಟ್ಟರು. ಹುಟ್ಟಿ ಬೆಳೆದದ್ದು ಮಿರಜದಲ್ಲೇ ಆದ್ದರಿಂದ ಮರಾಠಿಯಲ್ಲಿ ಸುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುವ ರೂಢಿ ಅವರಿಗೆ. ಟೊಮ್ಯಾಟೊ ಇಟ್ಟರು, ಹಸಿರು. ತಲೆಯಾಡಿಸಿದರು. ಗುರುಬಸಪ್ಪ ಚೀಲದಲ್ಲೇ ಚೆಂದದ ಉಳ್ಳಾಗಡ್ಡಿ ತಂದಿಟ್ಟ. ಭೋಂ!

"ನೋಡ್ರಿ ಮೇಡಂ, ಇಂಥಾ ಬಂಗಾರದಂಥಾ ಮಾಲಿಗೆ ಕೆಟ್ಟದ್ದು ಅಂತೈತಿ!" ಎಂದು ಗುರುಬಸಪ್ಪ ಈಳಿಗೆಯ ಮೇಲಿಟ್ಟು ಒಂದೇ ಏಟಿಗೆ ಎರಡು ಹೋಳು ಮಾಡಿದ.

ಒಳಗೆ ಕೊಳೆತು ಕರ್ರಗಾಗಿತ್ತು. ಗಬ್ಬು ನಾತ ಮೂಗಿಗೆ ಅಡರಿತು. ಗುರುಬಸಪ್ಪ ಗಾಬರಿಯಿಂದ ಇನ್ನೊಂದು ಹೆಚ್ಚಿದ. ಅದೂ ಹಾಗೇ. ಅಕಾಲದ ಮಳೆ ಹೊಡೆದ ಮಾಲು. ಸಿಪ್ಪೆ ಒಣಗಿತ್ತು, ಒಳಗೆ ಕೊಳೆತಿತ್ತು.

"ಕಮಾಲ್ ಆಹೆ! ಸಿಪ್ಪಿ ಸುಲಿಲಾರದ ಒಳಗಿಂದು ನೋಡ್ತದ!" ಮೇಡಂ ಚಪ್ಪಾಳೆ ತಟ್ಟಿದರು. ಮಂದಿಯೂ ತಟ್ಟಿದರು. ಸಿದ್ರಾಮಪ್ಪ ಮಾತ್ರ ತಟ್ಟಲಿಲ್ಲ. ಅವನು ಸದ್ದಿಲ್ಲದೆ ತನ್ನ ಚೀಲಗಳ ಮೇಲೆ ತಾಡಪಾಲು ಹೊದಿಸುತ್ತಿದ್ದ.

ಶ್ರೇಣಿಕನಿಗೆ ಗೆದ್ದ ಸುಖಕ್ಕಿಂತ ಸಿಕ್ಕಿಬೀಳುವ ಭಯ ದೊಡ್ಡದಾಯಿತು. ಹೇಳಿಯೇ ಬಿಡೋಣ ಎಂದು ಬಾಯಿ ತೆರೆದ. "ಮೇಡಂ, ಖರೇ ಹೇಳ್ಬೇಕಂದ್ರ, ಇದು ನಮ್ಮ ಸರುಬಾಯಿ ಮಾವಶಿ ಬಟನ್ ಒತ್ತಿದ್ದಕ್ಕ..."

"ಅವರ ಕಣ್ಣು ಎಂಥಾದ್ದಿರಬೇಕ್ರಿ! ಸಿಪ್ಪಿ ನೋಡೇ ಒಳಗಿಂದು ಹೇಳ್ಯಾರ!" ಮೇಡಂ ಅವನ ಭುಜ ತಟ್ಟಿದರು. "ಕೇಳ್ರಿ. ಕಾಯಂ ಮಾಡೂ ಮಾತು ಮುಂದಿನ ವರ್ಷ ನೋಡೂಣು. ಎರಡನೇ ಹಂತಕ್ಕ ಒಂದೇ ಶರತ್ತು. ಎಲ್ಲಾ ಫೋಟೊನೂ ಆ ಮಾವಶಿನೇ ನೋಡಬೇಕು, ಬ್ಯಾರೆ ಯಾರೂ ಮುಟ್ಟಬಾರ್ದು. ಆಗೂ ಹಿಂಗ ಖರೇ ಬಂದ್ರ ಕಾಯಂ, ಇಲ್ಲಂದ್ರ ಇಲ್ಲ."

"ಯಾವ ಕಾಯಿಪಲ್ಯೆ ಮೇಡಂ?" ಶ್ರೇಣಿಕ ಕೇಳಿದ.

"ಬಟಾಟಿ, ಗಜ್ಜರಿ, ಮೂಲಂಗಿ, ಬಳ್ಳೊಳ್ಳಿ."

ಮೇಡಂ ಕಾರು ಹತ್ತಿದ ಮೇಲೆ ಶ್ರೇಣಿಕ ಉಳ್ಳಾಗಡ್ಡಿ ಚೀಲದ ಮೇಲೆ ಕುಸಿದು ಕುಳಿತು ಮತ್ತೆ ಫೋನು ಹಚ್ಚಿದ. ಒಂದೊಂದಾಗಿ ಹೆಸರು ಹೇಳಿದ. ಸರುಬಾಯಿ ಮಾವಶಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

"ಇಷ್ಟ ಹೌದಲ್ಲೋ? ಕಳಸು, ಕಳಸು," ಎಂದರು. "ಇದಕ್ಕ ಚಸ್ಮಾನೂ ಬೇಕಾಗಿಲ್ಲ."