ಸಮಾಧಿ ಸಾಗಿಸುವವಳ ಪಾಡು

ಸತ್ತವರ ಹತ್ತಿರ ಕೆಲಸ ಮಾಡುವವರಿಗೆ ನಗು ಬರಬಾರದು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡು ಈ ಕೆಲಸಕ್ಕೆ ಸೇರಿದೆ. ಆದರೆ ಗುಂಡಿಯ ಪಕ್ಕ ನಿಂತು ತುಟಿ ಕಚ್ಚಿ ನಗು ತಡೆದುಕೊಳ್ಳಬೇಕಾದ ಸಂದರ್ಭ ತಿಂಗಳಿಗೊಂದಾದರೂ ಬಂದೇ ಬರುತ್ತದೆ. ನಕ್ಕ ಮೇಲೆ ಮನಸ್ಸೇನೂ ಹಗುರವಾಗುವುದಿಲ್ಲ, ಆ ಮಾತು ಬೇರೆ.

ನನ್ನ ಕೆಲಸ ಇಷ್ಟೇ. ಎಲ್ಲಾದರೂ ರಸ್ತೆ ಅಗಲ ಮಾಡುತ್ತಾರೆ ಎಂದರೆ ಮಣ್ಣು ತೋಡುವ ಯಂತ್ರ ಬರುವ ಮೊದಲು ನಾನು ಹೋಗಬೇಕು. ರಸ್ತೆಗೆ ಹೋಗುವ ಜಾಗದಲ್ಲಿ ವೀರಗಲ್ಲು, ಹಳೇ ಕಾಲದ ಕಲ್ಲಿನ ಗೋರಿ ಏನಿದೆ ನೋಡಿ ಬರೆಯಬೇಕು. ಈಚಿನವರ ಸಮಾಧಿ ಇದ್ದರೆ ಮನೆಯವರನ್ನು ಹುಡುಕಿ, ಒಪ್ಪಿಸಿ, ಸರಕಾರ ತೋರಿಸಿದ ಬೇರೆ ಜಾಗಕ್ಕೆ ಮರ್ಯಾದೆಯಿಂದ ಸಾಗಿಸಬೇಕು. ನಾನು ಓದಿದ್ದು ಪುರಾತತ್ವ. ಕುಶಾಲನಗರದಲ್ಲಿರುವ ನಮ್ಮಮ್ಮ ನೆಂಟರ ಮುಂದೆ "ಮಗಳು ರೋಡ್ ಕೆಲಸದಲ್ಲಿದ್ದಾಳೆ" ಎಂದಷ್ಟೇ ಹೇಳಿ ಬೇಗ ಕಾಫಿ ತರಲು ಒಳಗೆ ಹೋಗುತ್ತಾಳೆ.

ಇಲ್ಲಿ ಹೇಳುವುದೆಲ್ಲ ಗೋಣಿಕೊಪ್ಪಲಿಂದ ಶ್ರೀಮಂಗಲದ ಕಡೆಗೆ ಹೋಗುವ ಒಂದು ಒಳರಸ್ತೆಯ ಕೆಲಸದಲ್ಲಿ ನಡೆದದ್ದು. ನಾವು ಇದ್ದದ್ದು ಮೂವರು. ನಾನು, ಗುತ್ತಿಗೆದಾರರ ಕಡೆಯ ಎಂಜಿನಿಯರ್, ಅಗೆಯುವ ಆಳುಗಳ ಮೇಸ್ತ್ರಿ. ಎಂಜಿನಿಯರಿಗೆ ಮಳೆ ಹಿಡಿಯುವ ಮೊದಲು ಎಲ್ಲ ಮುಗಿಯಬೇಕು. ದಿನಕ್ಕೆ ಹತ್ತು ಸಲ ಆಕಾಶ ನೋಡುತ್ತಿದ್ದರು. ಮೇಸ್ತ್ರಿಗೆ ಯಾವ ಅವಸರವೂ ಇಲ್ಲ. "ಇವರೆಲ್ಲ ಎಲ್ಲಿಗೆ ಹೋಗ್ತಾರೆ ಸಾರ್, ಇಲ್ಲೇ ಇರ್ತಾರೆ" ಎನ್ನುತ್ತಿದ್ದರು.

ಖುದ್ದಾಗಿ ಹಾಜರಾಗಿ

ಕೆಲಸ ಶುರುವಾಗುವುದು ನೋಟೀಸಿನಿಂದ. ಮೇಲಿನ ಆಫೀಸಿನಿಂದ ಬಂದ ನೋಟೀಸನ್ನು ಓದದೆಯೇ ಎಸ್ಟೇಟಿನ ಗೇಟಿಗೆ, ಬಸ್ ತಂಗುದಾಣಕ್ಕೆ, ರೇಷನ್ ಅಂಗಡಿಗೆ ಅಂಟಿಸಿದೆ. ತಪ್ಪು ನನ್ನದೇ. ಮೂರನೇ ದಿನ ರೇಷನ್ ಅಂಗಡಿಯವರ ಫೋನು ಬಂತು.

"ಮೇಡಂ, ಇದರಲ್ಲಿ ಎಂತ ಬರ್ದಿದೀರಿ? ಈ ಜಾಗದಲ್ಲಿ ಸಮಾಧಿಯಾಗಿರುವವರು ಹದಿನೈದು ದಿನದ ಒಳಗೆ ಗುರುತಿನ ಚೀಟಿ ಸಮೇತ ಖುದ್ದಾಗಿ ಹಾಜರಾಗತಕ್ಕದ್ದು ಅಂತ ಇದೆ. ಯಾರಾದ್ರೂ ಬಂದ್ರೆ ನಮಗೂ ಒಂದು ಫೋನ್ ಮಾಡಿ, ಅಂಗಡಿ ಬಾಗ್ಲು ಹಾಕ್ತೇವೆ."

ಹೊಸ ನೋಟೀಸು ಬರುವಷ್ಟರಲ್ಲಿ ಒಬ್ಬರು ಬಂದೇ ಬಿಟ್ಟರು. ಕಾಫಿ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿರುವ ಅಜ್ಜಿ. ಹುಣಸೂರಿನ ಕಡೆಯವರು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ಹಣ್ಣು ಕೊಯ್ಯುವ ಪಿಕ್ಕಿಂಗ್ ಕೆಲಸಕ್ಕೆ ಬಂದವರು ಅದೇ ಲೈನಿನಲ್ಲಿ ಉಳಿದುಕೊಂಡರು. ಮಕ್ಕಳಿಲ್ಲ. ಗಂಡನನ್ನು ಲೈನಿನ ಹಿಂದೆ, ರಸ್ತೆಯ ಪಕ್ಕದಲ್ಲೇ ಮಣ್ಣು ಮಾಡಿದ್ದರು. ಆ ಜಾಗ ಪೂರ್ತಿ ರಸ್ತೆಗೆ ಹೋಗುತ್ತಿತ್ತು.

"ನಮ್ ಯಜಮಾನ್ರುನ್ನ ಎಬ್ಬುಸ್ತೀರಂತೆ," ಎಂದರು ಅಜ್ಜಿ. "ಎಬ್ಬುಸ್ಕಳಿ. ಆದ್ರೆ ಅಲ್ಲಿ ಅವ್ರ ಪಕ್ಕುದಲ್ಲೇ ನಂಗೂ ಒಂದ್ ಜಾಗ ಇಡ್ಬೇಕು ಕಣವ್ವ."

ನಾನು ನಿಯಮ ವಿವರಿಸಿದೆ. ಇಲ್ಲಿಂದ ಎಷ್ಟು ಸಮಾಧಿ ಏಳುತ್ತದೋ ಹೊಸ ಸ್ಮಶಾನದಲ್ಲಿ ಅಷ್ಟೇ ಗುಂಡಿ. ಅವು ತುಂಬಿದ ಮೇಲೆ ಗೇಟು ಮುಚ್ಚುತ್ತಾರೆ. ಇನ್ನು ಮುಂದೆ ಸಾಯುವವರೆಲ್ಲ ಊರಾಚೆಯ ಸಾರ್ವಜನಿಕ ಸ್ಮಶಾನಕ್ಕೇ ಹೋಗಬೇಕು.

"ಬದುಕಿರೋರಿಗೆ ಅಲ್ಲಿ ಜಾಗ ಇಲ್ಲ ಅಜ್ಜಿ," ಎಂದೆ.

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಬದ್ಕಿರೋರಿಗೆ ಜಾಗ ಇಲ್ಲ ಅಂತ ಅರವತ್ತು ವರ್ಸದಿಂದ ಲೈನ್ ಮನೇಲಿದ್ದು ಗೊತ್ತಾಗ್ಯದೆ ಕಣವ್ವ. ಸತ್ತೋರಿಗೆ ಕೊಡಿ ಅಂತಾನೇ ಕೇಳ್ತಾ ಇವ್ನಿ."

ಗೋರಿಗೆ ಬೀಗ

ಅದೇ ರಸ್ತೆಯಲ್ಲಿ ಎರಡು ಕಿಲೋಮೀಟರ್ ಮುಂದೆ, ಒಂದು ತೋಟದ ಅಂಚಿನಲ್ಲಿ ಹಳೇ ಕಾಲದ ಕಲ್ಲಿನ ಗೋರಿ ಇದೆ ಎಂದು ಗೊತ್ತಾಯಿತು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದು. ಜನ ಪಾಂಡವರ ಮನೆ ಎನ್ನುತ್ತಾರೆ. ಸಾವಿರಾರು ವರ್ಷ ಹಳೆಯದು. ಇಂಥದ್ದನ್ನು ನೋಡಲೆಂದೇ ನಾನು ಈ ವಿದ್ಯೆ ಕಲಿತದ್ದು. ಟೇಪು, ಕ್ಯಾಮರಾ, ಪುಸ್ತಕ ಎಲ್ಲ ಹಿಡಿದು ಉತ್ಸಾಹದಿಂದ ಹೋದೆ.

ಗೋರಿಗೆ ಬಾಗಿಲಿತ್ತು. ಸಿಲ್ವರ್ ಓಕಿನ ಹಲಗೆಯ ಬಾಗಿಲು, ಹಸಿರು ಬಣ್ಣ. ಬಾಗಿಲಿಗೆ ಬೀಗ.

ಬೀಗದ ಕೈ ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಇತ್ತು. ರೈಟರು ಗೋಣಿಕೊಪ್ಪಲಿಗೆ ಹೋಗಿದ್ದರು. ಅಷ್ಟು ಹಳೆಯ ಗೋರಿಯ ಮುಂದೆ ನಾನೂ ಎಂಜಿನಿಯರೂ ಬಾಡಿಗೆ ಮನೆ ನೋಡಲು ಬಂದವರಂತೆ ಎರಡು ಗಂಟೆ ಕೂತೆವು. ರೈಟರು ಬಂದು ತೆಗೆದರು. ಒಳಗೆ ಮೈಲುತುತ್ತದ ಚೀಲ, ಎರಡು ಸ್ಪ್ರೇಯರು, ಒಂದು ಹಳೇ ರೇನ್‌ಕೋಟು.

"ಮಳೆಗಾಲದಲ್ಲಿ ಒಂದು ಹನಿ ಸೋರೋದಿಲ್ಲ ಮೇಡಂ," ಎಂದು ರೈಟರು ಚಪ್ಪಡಿಯನ್ನು ಪ್ರೀತಿಯಿಂದ ತಟ್ಟಿದರು. "ಈಗಿನವರು ಕಟ್ಟಿದ್ದು ಒಂದೇ ವರ್ಷಕ್ಕೆ ಸೋರ್ತದೆ."

ಎಂಜಿನಿಯರು ಬೇರೆ ಕಡೆ ನೋಡಿದರು. ನಾನು ವರದಿಯಲ್ಲಿ 'ಸ್ಥಿತಿ' ಎಂಬ ಜಾಗದಲ್ಲಿ 'ಉತ್ತಮ, ಬೀಗ ಹಾಕಿದೆ' ಎಂದು ಬರೆದೆ. ಇದು ಯಾರನ್ನೋ ಇಟ್ಟ ಜಾಗ ಎಂದು ತಿಳಿಸಿದಾಗ ರೈಟರ ಮುಖ ಬಿಳಚಿಕೊಂಡಿತು. ಪಾಪ, ಅಂದೇ ಸಾಮಾನೆಲ್ಲ ತೆಗೆದು, ಗುಡಿಸಿ, ಕರ್ಪೂರ ಹಚ್ಚಿ ಕೈ ಮುಗಿದರು.

ಆ ಗೋರಿ ಉಳಿಸಲು ರಸ್ತೆಯನ್ನೇ ಸ್ವಲ್ಪ ಪಕ್ಕಕ್ಕೆ ತಿರುಗಿಸಿದರು. ನನಗೆ ಸಂತೋಷವಾಗಬೇಕಿತ್ತು. ಅದೇ ವಾರ, ಅಜ್ಜಿಯ ಪರವಾಗಿ ನಾನು ಬರೆದು ಕಳಿಸಿದ್ದ ಅರ್ಜಿ 'ಅವಕಾಶವಿರುವುದಿಲ್ಲ' ಎಂಬ ಒಂದೇ ಪದ ಹೊತ್ತು ವಾಪಸ್ಸು ಬಂತು. ಹೆಸರು ಗೊತ್ತಿಲ್ಲದವರಿಗೆ ರಸ್ತೆ ಬಳಸಿಕೊಂಡು ಹೋಗುತ್ತದೆ, ಹೆಸರು ಹೇಳಿಕೊಂಡು ಎದುರಿಗೆ ನಿಂತ ಮುದುಕಿಗೆ ಆರಡಿ ಇಲ್ಲ. ಆ ಅರ್ಜಿ ಕೈಯಲ್ಲಿ ಹಿಡಿದು ಕೂತಿರುವಾಗಲೇ ರೈಟರು ಫೋನು ಮಾಡಿದರು.

"ಮೇಡಂ, ನಿಮ್ಮ ಸರ್ವೆಯಲ್ಲಿ ಬೇರೆ ಯಾವುದಾದ್ರೂ ಖಾಲಿ ಸಿಕ್ಕಿದ್ರೆ ಹೇಳಿ. ಬಾಗಿಲು ನಮ್ಮ ಹತ್ರವೇ ಉಂಟು."

ಡಾಕ್ಟರು ಬೇಡ ಅಂದಿದ್ದರು

ಇನ್ನೊಂದು ತೋಟದ ಮೂಲೆಯಲ್ಲಿ ಅಣ್ಣತಮ್ಮ ಇಬ್ಬರ ತಂದೆಯ ಸಮಾಧಿ. ಅದನ್ನು ತೋಟದ ಒಳಗಡೆಗೇ ಸಾಗಿಸುವುದೆಂದು ಒಪ್ಪಂದ. ಅವರ ಮನೆತನದ ಪದ್ಧತಿಯಂತೆ ಮೊದಲು ಹಿರಿಯರಿಗೆ ಎಡೆ ಇಡಬೇಕು. ಎಲೆಯ ಮೇಲೆ ಅಕ್ಕಿಯುಂಡೆ ಕಡಂಬುಟ್ಟು ಬಂತು, ಹಂದಿಮಾಂಸದ ಪಂದಿಕರಿ ಬಂತು. ಅಣ್ಣ ಜೀಪಿನಿಂದ ರಮ್ಮಿನ ಬಾಟಲಿ ತಂದರು.

ತಮ್ಮ ಅಡ್ಡ ಬಂದರು. "ಅದು ಬೇಡ. ಅಪ್ಪನಿಗೆ ಲಿವರ್ ಹೋಗಿತ್ತು. ಡಾಕ್ಟರು ಒಂದು ಹನಿಯೂ ಮುಟ್ಟಬಾರದು ಅಂದಿದ್ರು."

"ಆ ಡಾಕ್ಟರ ಮಾತು ಕೇಳಿ ಅಲ್ವಾ ಇಲ್ಲಿ ಮಲಗಿರೋದು?"

"ಎಂಟು ತಿಂಗಳು ಕಷ್ಟಪಟ್ಟು ಬಿಟ್ಟಿದ್ರು ಅಣ್ಣ. ಪುನಃ ಅಭ್ಯಾಸ ಮಾಡಿಸ್ಬೇಡಿ."

ಆಳುಗಳು ಹಾರೆ ಊರಿ ನಿಂತರು. ಎಂಜಿನಿಯರು ಆಕಾಶ ನೋಡಿದರು. ಮೇಸ್ತ್ರಿ ಮೆಲ್ಲಗೆ, "ನೀರು ಜಾಸ್ತಿ ಬೆರೆಸಿ ಇಟ್ರೆ ಆಗದಾ?" ಎಂದು ಕೇಳಿ ಇಬ್ಬರಿಂದಲೂ ಬೈಸಿಕೊಂಡರು.

ಆಮೇಲೆ ತಮ್ಮ ಎಲೆಯ ಮುಂದೆ ಕುಕ್ಕರಿಸಿದರು. ಕೊನೆಗಾಲದಲ್ಲಿ ಅಪ್ಪ ಒಂದು ಗುಟುಕು ಕೇಳಿದಾಗ ಬಾಟಲಿ ಕಸಿದುಕೊಂಡು ಬೀರುವಿನಲ್ಲಿಟ್ಟವರು ಅವರೇ. ಅಂದಿನಿಂದ ಅಪ್ಪ ಅವರ ಹತ್ತಿರ ಮಾತು ಬಿಟ್ಟರು, ಮಾತಾಡದೆಯೇ ಹೋದರು. ಇದನ್ನು ಅವರು ಯಾರಿಗೂ ಹೇಳದವರಂತೆ, ಎಲೆಯ ಕಡೆ ನೋಡುತ್ತ ಹೇಳಿದರು. ಅಣ್ಣ ಬಾಟಲಿಯನ್ನು ತಮ್ಮನ ಕೈಗೇ ಕೊಟ್ಟರು.

ತಮ್ಮ ಲೋಟ ತುಂಬ ಬಗ್ಗಿಸಿದರು. ನೀರು ಬೆರೆಸಲಿಲ್ಲ. ಎದ್ದು ನಿಂತು ಕಣ್ಣೊರೆಸಿಕೊಂಡು ಅಣ್ಣನಿಗೆ ಹೇಳಿದರು: "ಡಾಕ್ಟರೂ ಹೋದ ವರ್ಷ ತೀರಿಕೊಂಡ್ರಲ್ಲ. ಇನ್ನು ಅಲ್ಲೇ ಕೇಳ್ಕೊಂಡು ಕುಡೀಲಿ."

ಹದಿನೆಂಟನೇ ನಂಬರು

ಕೊನೆಗೆ ಉಳಿದದ್ದು ಲೈನಿನ ಹಿಂದಿನ ಜಾಗ. ಸರ್ವೆ ಮಾಡುವಾಗ ಪ್ರತಿ ಸಮಾಧಿಯ ತಲೆಗಲ್ಲಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದೆವು. ಅಜ್ಜಿಯ ಗಂಡ ಹದಿನೇಳು. ಪಕ್ಕದಲ್ಲೇ ಹದಿನೆಂಟು, ಹೆಸರಿಲ್ಲದ್ದು. ಮಣ್ಣಿನ ದಿಬ್ಬ, ತಲೆಗೆ ಕಲ್ಲು, ಸುತ್ತ ಒಂದು ಕಳೆಯೂ ಇಲ್ಲ. ನಮ್ಮವರು ಎಂದು ಹೇಳಿಕೊಂಡು ಯಾರೂ ಬಂದಿರಲಿಲ್ಲ.

ನಮ್ಮ ಕೆಲಸದ ಒಂದು ಕ್ರಮ ಹೇಳಬೇಕು. ಈ ಕಡೆಯ ಮಣ್ಣು ಹುಳಿ. ಕೆಲವು ವರ್ಷ ಹೋದರೆ ಎಲುಬು ಕೂಡ ಉಳಿಯುವುದಿಲ್ಲ. ಹಾಗಾದಾಗ ಎದೆ ಇದ್ದಿರಬಹುದಾದ ಜಾಗದಿಂದ ಮೂರು ಹಿಡಿ ಮಣ್ಣು ತೆಗೆದು, ಹೊಸ ಕುಡಿಕೆಗೆ ತುಂಬಿ, ಬಟ್ಟೆ ಕಟ್ಟಿ ಸಾಗಿಸುತ್ತೇವೆ. ಆ ಮಣ್ಣನ್ನೇ ಅವರು ಎಂದುಕೊಳ್ಳುವುದು.

ಹದಿನೇಳರಲ್ಲಿ ಹಾಗೇ ಆಯಿತು. ಬರೀ ಮಣ್ಣು. ಅಜ್ಜಿ ದೂರದಲ್ಲಿ ಮರಕ್ಕೆ ಒರಗಿ ನೋಡುತ್ತಿದ್ದರು. ಆಮೇಲೆ ಹದಿನೆಂಟಕ್ಕೆ ಹಾರೆ ಹಾಕಿದರು. ಮೊಣಕಾಲುದ್ದ ಹೋದ ಮೇಲೆ ಮೇಸ್ತ್ರಿ ನಿಲ್ಲಿಸಿ ನನ್ನನ್ನು ಕರೆದರು.

ಒಮ್ಮೆ ಅಗೆದ ಮಣ್ಣು ಎಷ್ಟು ವರ್ಷವಾದರೂ ಮೊದಲಿನಂತೆ ಆಗುವುದಿಲ್ಲ. ಬಣ್ಣ ಕಲಸಿಹೋಗಿರುತ್ತದೆ. ಕಾಲೇಜಿನಲ್ಲಿ ನಮಗೆ ಮೊದಲು ಕಲಿಸುವುದೇ ಇದನ್ನು. ಇಲ್ಲಿ ಪದರದ ಮೇಲೆ ಪದರ, ಭೂಮಿ ಹುಟ್ಟಿದಾಗ ಹೇಗಿತ್ತೋ ಹಾಗೇ ಇತ್ತು.

"ಇಲ್ಲಿ ಯಾರನ್ನೂ ಹೂತಿಲ್ಲ ಮೇಡಂ," ಎಂದರು ಮೇಸ್ತ್ರಿ.

ಓದಿದವಳು ನಾನು. ಕಲ್ಲು ನೋಡಿ, ದಿಬ್ಬ ನೋಡಿ, ಕೆಳಗೇನಿದೆ ಎಂದು ಪರೀಕ್ಷೆ ಮಾಡದೆ ನಂಬರು ಬರೆದುಬಿಟ್ಟಿದ್ದೆ. ನಾಚಿಕೆಯಿಂದ ತಲೆ ಎತ್ತಿದರೆ, ಅಜ್ಜಿ ಹತ್ತಿರ ಬಂದು ನಿಂತಿದ್ದರು.

"ಆ ಕಲ್ಲು ನಾನೇ ನೆಟ್ಟಿದ್ದು ಕಣವ್ವ," ಎಂದರು. "ಇನ್ಯಾರಾರ ಬಂದು ಅವ್ರ ಪಕ್ಕ ಮಲಿಕ್ಕಬಾರ್ದು ಅಂತ. ವಾರಕ್ಕೊಂದಪ ಕಳೆ ಕೀಳ್ತಿದ್ದೆ. ನೀವು ಬಣ್ಣ ಬಳ್ದಾಗ್ಲೇ ಹೇಳ್ಬೇಕಿತ್ತು. ಬಾಯೇ ಬರ್ನಿಲ್ಲ."

ಬಸ್ಸಿನ ಸೀಟಿಗೆ ಟವೆಲ್ ಹಾಕುವ ಹಾಗೆ ಅಜ್ಜಿ ಭೂಮಿಗೆ ಕಲ್ಲು ಹಾಕಿದ್ದರು. ಈಗ ನಾನು ನಿಜ ಬರೆದರೆ ಪಟ್ಟಿಯಲ್ಲಿ ಒಂದು ನಂಬರು ಹೋಗುತ್ತದೆ, ಅಲ್ಲಿ ಒಂದು ಗುಂಡಿ ಮುಚ್ಚುತ್ತಾರೆ, ಅಜ್ಜಿ ಎಲ್ಲೋ ಊರಾಚೆ ಒಬ್ಬರೇ ಹೋಗುತ್ತಾರೆ. ಸುಳ್ಳೆಂದು ಗೊತ್ತಿದ್ದೂ ನಾನು ಈವರೆಗೆ ಬರೆದವಳಲ್ಲ. ಪೆನ್ನು ಹಿಡಿದು ನಿಂತೇ ಇದ್ದೆ.

ಮೇಸ್ತ್ರಿ ಯಾರನ್ನೂ ಕೇಳಲಿಲ್ಲ. ಒಂದು ಹೊಸ ಕುಡಿಕೆ ತಂದು, ಆ ಗುಂಡಿಯಿಂದ ಮೂರು ಹಿಡಿ ಮಣ್ಣು ತುಂಬಿ, ಬಟ್ಟೆ ಕಟ್ಟಿದರು. "ಎಲುಬು ಸಿಗಲಿಲ್ಲ, ಮಣ್ಣು ತೆಗೆದಿದ್ದೇವೆ ಅಂತ ಬರೀರಿ ಮೇಡಂ. ಇದರಲ್ಲಿ ಸುಳ್ಳೆಲ್ಲಿ ಬಂತು?"

ಬರೆದೆ. ಉಳಿದ ಫಾರಮ್ಮು ತುಂಬುವುದು ಎಂಜಿನಿಯರ ಕೆಲಸ. ಅವರು ಅಜ್ಜಿಯನ್ನು ಕೂರಿಸಿಕೊಂಡು ಕೇಳಿದರು, "ಸತ್ತವರ ಹೆಸರು?"

ಅಜ್ಜಿ ತಮ್ಮ ಹೆಸರು ಹೇಳಿದರು. ಎಂಜಿನಿಯರು ನನ್ನ ಕಡೆ ನೋಡಿದರು. ನಾನು ಮರ ನೋಡಿದೆ. ಅವರು ನಿಟ್ಟುಸಿರು ಬಿಟ್ಟು ಬರೆದುಕೊಂಡರು.

"ನೀವು ಸತ್ತವರಿಗೆ ಏನಾಗಬೇಕು?"

"ಬೋ ಹತ್ತಿರದೋಳು ಕಣಪ್ಪ."

"ಸತ್ತ ದಿನಾಂಕ?"

"ಅದೊಂದ ಬುಟ್ಬುಡು ಮಗ. ಗೊತ್ತಾದ್ಮೇಕೆ ಯಾರಾರ ಬರ್ಕತಾರೆ."

ಅಜ್ಜಿ ಹೆಬ್ಬೆಟ್ಟು ಒತ್ತಿದರು. ನಾನು ಸಹಿ ಹಾಕಿದೆ. ಜೀಪಿನಲ್ಲಿ ಗಂಡನ ಕುಡಿಕೆಯನ್ನು ಮೇಸ್ತ್ರಿ ಹಿಡಿದುಕೊಂಡರು, ತಮ್ಮದನ್ನು ಅಜ್ಜಿ ತಾವೇ ಮಡಿಲಲ್ಲಿ ಇಟ್ಟುಕೊಂಡರು. ತಾನಿನ್ನೂ ಸೇರದ ಸಮಾಧಿಯನ್ನು ತೊಡೆಯ ಮೇಲಿಟ್ಟುಕೊಂಡ ಹೆಂಗಸಿನ ಪಕ್ಕ ಕೂತು ಏನು ಮಾತಾಡುವುದು?

ಹೊಸ ಸ್ಮಶಾನ ಬೋಳು ಗುಡ್ಡದ ಇಳಿಜಾರಿನಲ್ಲಿತ್ತು. ಗಂಡನ ಕುಡಿಕೆ ಇಳಿಸಿದರು, ಎಡಕ್ಕೆ ಅಜ್ಜಿಯದು ಇಳಿಸಿದರು, ಮಣ್ಣು ಮುಚ್ಚಿದರು. ಮೋಡ ಕವಿಯುತ್ತಿತ್ತು. ಎಲ್ಲರೂ ಕೈ ತೊಳೆದು ಜೀಪಿನ ಕಡೆ ಹೊರಟೆವು. ಅಜ್ಜಿ ಕದಲಲಿಲ್ಲ.

"ಇದು ಸರಿ ಇಲ್ಲ," ಎಂದರು. "ನಂದು ಆ ಕಡೀಕೆ ಬರ್ಬೇಕು."

ಎಂಜಿನಿಯರು ಸೋತ ದನಿಯಲ್ಲಿ, "ಎರಡೂ ಪಕ್ಕಪಕ್ಕವೇ ಇದೆಯಲ್ಲ ಅಜ್ಜಿ, ಯಾವ ಕಡೆ ಆದರೇನು?" ಎಂದರು.

"ಅವ್ರಿಗೆ ಎಡಗಿವಿ ಕೇಳಾಕಿಲ್ಲ ಕಣಪ್ಪ. ಕಾಫಿ ಪಲ್ಪರ್ ಮಿಸಿನ್ ಸದ್ದಿಗೆ ಹೋಯ್ತು. ಈ ಕಡೆ ಮಲಿಕ್ಕಂಡು ನಾನು ಯಾರಿಗ್ ಹೇಳ್ಲಿ?"

ಮಳೆಯ ಮೊದಲ ಹನಿ ಬಿತ್ತು. ಇಷ್ಟು ದಿನ ಮಳೆಗೆ ಹೆದರಿದ್ದ ಎಂಜಿನಿಯರು ಶರ್ಟಿನ ತೋಳು ಮಡಚಿ, ಮೇಸ್ತ್ರಿಯ ಕೈಯಿಂದ ಗುದ್ದಲಿ ತೆಗೆದುಕೊಂಡು ತಾವೇ ಅಗೆಯತೊಡಗಿದರು. ಎರಡು ಕುಡಿಕೆಯನ್ನೂ ಎತ್ತಿ ಜಾಗ ಬದಲಿಸಿದೆವು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ, ಮಳೆ ಬೇರೆ ಬರುತ್ತಿತ್ತು. ಅಜ್ಜಿ ಗುಂಡಿಯ ಅಂಚಿಗೆ ಬಗ್ಗಿ, ಗಂಡನ ಕುಡಿಕೆಗೆ ಗದರಿಸಿ ಹೇಳಿದರು:

"ವಸಿ ಸರ್ಕಳಿ. ಇನ್ಮೇಕೆ ಕೇಳ್ನಿಲ್ಲ ಅಂತ ನೆಪ ಹೇಳಂಗಿಲ್ಲ."